ವಾರ್ನಿಶ್ ಕೆಳಗಿನ ಗೆರೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಸೋಮವಾರಪೇಟೆಯ ಅರ್ಧ ಊರಿಗೆ ಗೊತ್ತು. ಇನ್ನರ್ಧ ಊರಿನವರ ಕಾಫಿ ಹಣ್ಣು ಸುಲಿಯುವ ಪಲ್ಪರ್ ಇನ್ನೂ ಕೆಟ್ಟಿಲ್ಲ, ಅದಕ್ಕೆ ಅವರಿಗೆ ಗೊತ್ತಿಲ್ಲ, ಅಷ್ಟೇ. ಮೂವತ್ತೆರಡು ವರ್ಷ ಎಸ್ಟೇಟುಗಳ ಮೋಟಾರು, ಪಲ್ಪರು, ಸ್ಪ್ರಿಂಕ್ಲರ್ ಪಂಪು ರಿಪೇರಿ ಮಾಡಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ನನ್ನ ಹೆಸರು ಅಶ್ವಥ್. ಆದರೆ ನಾನು ಹೇಳಲು ಕೂತಿರುವುದು ನನ್ನ ಕತೆಯನ್ನಲ್ಲ. ನನಗಿಂತ ಇಪ್ಪತ್ತಾರು ವರ್ಷ ಚಿಕ್ಕವಳು, ನನಗಿಂತ ಹತ್ತು ಪಟ್ಟು ಹಠಮಾರಿ, ಶಿರಂಗಾಲದ ಸ್ಪಂದನಾಳ ಕತೆ. ನಾನು ಇದರಲ್ಲಿ ಬರುವುದು ತಪ್ಪು ಮಾಡಿದವನಾಗಿ. ಅದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ನಾವಿಬ್ಬರೂ ಕೆಲಸ ಮಾಡುವುದು ನಂಜಪ್ಪನವರ ಶೆಡ್ಡಿನಲ್ಲಿ. ಕುಶಾಲನಗರ ರಸ್ತೆಯಲ್ಲಿ, ಊರು ದಾಟಿದ ಕೂಡಲೇ ಎಡಕ್ಕೆ. ನಂಜಪ್ಪ ಕಾಫಿ ಬೆಳೆಗಾರರ ಮನೆಯವರು, ಓದಿದ್ದು ಎಂಜಿನಿಯರಿಂಗ್. ಅವರ ತಲೆಯಲ್ಲಿ ಹುಟ್ಟಿದ್ದು ಒಂದು ಮೆಷಿನ್. ಕಾಫಿ ಬೇಳೆ ಒಂದು ಜಾರುಬಂಡೆಯಿಂದ ಕೆಳಗೆ ಸುರಿಯುತ್ತದೆ. ಕ್ಯಾಮೆರಾ ಪ್ರತಿ ಬೇಳೆಯನ್ನೂ ಬೀಳುತ್ತಿರುವಾಗಲೇ ನೋಡುತ್ತದೆ. ಕಪ್ಪು ಬೇಳೆ, ಹುಳ ತಿಂದ ಬೇಳೆ ಕಂಡರೆ ಗಾಳಿ ಉಫ್ ಎಂದು ಊದಿ ಬೇರೆ ಡಬ್ಬಕ್ಕೆ ತಳ್ಳುತ್ತದೆ. ಕಾಫಿ ಹಸನು ಮಾಡುವ ದೊಡ್ಡ ಕ್ಯೂರಿಂಗ್ ವರ್ಕ್ಸುಗಳಲ್ಲಿ ಇಂಥವು ಎಷ್ಟೋ ವರ್ಷದಿಂದ ಇವೆ. ನಂಜಪ್ಪನವರದು ಸಣ್ಣದು, ಎಸ್ಟೇಟಿನ ಗೋದಾಮಿನಲ್ಲೇ ಇಟ್ಟುಕೊಳ್ಳುವಂಥದ್ದು. ಜಾರುಬಂಡೆ, ಗಾಳಿಯ ವಾಲ್ವು, ಕಬ್ಬಿಣದ ಕೆಲಸವೆಲ್ಲ ನನ್ನದು. ಕ್ಯಾಮೆರಾದ ಸರ್ಕ್ಯೂಟ್ ಬೋರ್ಡು ಸ್ಪಂದನಾಳದು.

ಸ್ಪಂದನಾ ಚಿಕ್ಕವಳಿದ್ದಾಗ ಅವರ ಮನೆಯ ರೇಡಿಯೋ ಕೆಟ್ಟಿತಂತೆ. ಅದನ್ನು ಬಿಚ್ಚಿ, ಒಳಗಿನ ಹಲಗೆಯ ಮೇಲಿದ್ದ ತಾಮ್ರದ ಗೆರೆಗಳನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಳಂತೆ. ರೇಡಿಯೋ ಮಾತ್ರ ಮತ್ತೆ ಹಾಡಲಿಲ್ಲ. ಅವಳ ತಾಯಿ ಚನ್ನಬಸಮ್ಮ ಶುಂಠಿ, ಭತ್ತ ಬೆಳೆದು ಒಬ್ಬರೇ ಮಗಳನ್ನು ಸಾಕಿದವರು. "ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು ಕಣಣ್ಣ, ಎಣಿಸಿ ತೋರ್ಸಿದ್ರೂ ಒಪ್ಪಲ್ಲ" ಎಂದು ನನ್ನ ಹತ್ತಿರ ಫೋನಿನಲ್ಲಿ ಹೇಳುತ್ತಾರೆ, ದೂರಿನ ಹಾಗೆ ಹೆಮ್ಮೆಯಿಂದ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ, ಮೈಸೂರಿನಲ್ಲಿ ಎಂಟು ವರ್ಷ ಬೇರೆಯವರ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬರೆಯುವ ಕೆಲಸ. ಬೇರೆಯವರು ಹೇಳಿದ ಕಡೆ ಗೆರೆ ಎಳೆಯುವುದು, ಅಷ್ಟೇ. ಯಾಕೆ ಎಂದು ಕೇಳುವ ಹಾಗಿಲ್ಲ. ನಂಜಪ್ಪ ಕರೆದಾಗ ಅವಳು ಕೇಳಿದ್ದು ಒಂದೇ ಮಾತು: "ಗೆರೆ ನಾನೇ ನಿರ್ಧಾರ ಮಾಡ್ಬೋದಾ ಸಾರ್?" ಮಾಡಬಹುದು ಎಂದರು. ಅಂದಿನಿಂದ ದಿನಾ ಶಿರಂಗಾಲದಿಂದ ಕುಶಾಲನಗರಕ್ಕೆ ಒಂದು ಬಸ್ಸು, ಅಲ್ಲಿಂದ ನಮ್ಮೂರಿಗೆ ಇನ್ನೊಂದು.

ನನಗೆ ಆಗ ನಗು ಬರುತ್ತಿತ್ತು. ಒಂದು ಗೆರೆ ನಿರ್ಧಾರ ಮಾಡುವುದಕ್ಕೆ ವಾರಗಟ್ಟಲೆ ಬೇಕೆ? ಅಲ್ಲಿಂದ ಇಲ್ಲಿಗೆ ತಾಮ್ರ ಹೋದರೆ ಕರೆಂಟ್ ಹೋಗುತ್ತದಪ್ಪ! ಅವಳು ಕಂಪ್ಯೂಟರಿನ ಮುಂದೆ ಕೂತು, ಕ್ಯಾಮೆರಾದ ಚಿತ್ರ ಹೊತ್ತೊಯ್ಯುವ ಎರಡು ಗೆರೆ ಪಕ್ಕಪಕ್ಕ ಇಟ್ಟು, ಅಗಲ ಐದು ಮಿಲ್, ನಡುವೆ ಐದು ಮಿಲ್ ಎಂದು ಗೊಣಗುತ್ತಿದ್ದಳು. ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. "ಸಂಪಾಜೆ ಘಾಟಿಗೆ ರೋಡ್ ಹಾಕಿದೋರೂ ಇಷ್ಟು ಯೋಚ್ನೆ ಮಾಡಿರಲ್ಲ ಕಣಮ್ಮ" ಎಂದು ಛೇಡಿಸಿದ್ದೆ. "ಅದಕ್ಕೇ ಅಲ್ವಾ ಅಶ್ವಥಣ್ಣ, ಪ್ರತಿ ಮಳೇಲೂ ಕುಸಿಯೋದು" ಎಂದಳು.

ಮೊದಲ ಮೆಷಿನ್ ಜನವರಿಯಲ್ಲಿ ತಯಾರಾಯಿತು. ಶೆಡ್ಡಿನಲ್ಲಿ ಮೂರು ದಿನ ಓಡಿಸಿದೆವು. ಪರದೆಯ ಮೇಲೆ ಬೇಳೆಯ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗಿತ್ತು. ಪ್ಯಾಕ್ ಮಾಡಿ ಮಾದಾಪುರದ ಹತ್ತಿರ ಬೆಳ್ಳಿಯಪ್ಪನವರ ಎಸ್ಟೇಟಿಗೆ ಕಳಿಸಿದೆವು. ಅವರು ಪರೀಕ್ಷೆಗೆಂದು ಇಟ್ಟುಕೊಳ್ಳಲು ಒಪ್ಪಿದ್ದರು. ಎರಡನೇ ದಿನಕ್ಕೇ ಫೋನು ಬಂತು.

"ನಂಜಪ್ಪ, ನಿನ್ನ ಮೆಷಿನ್‌ಗೆ ಎಂಥ ದೆವ್ವ ಹೊಕ್ಕಿದೆ ಮಾರಾಯ? ಒಳ್ಳೆ ಬೇಳೆಯೆಲ್ಲ ಉಗೀತಾ ಉಂಟು!"

ಹೋಗಿ ನೋಡಿದರೆ ಚಿತ್ರದ ತುಂಬ ಅಡ್ಡಗೆರೆ, ಚುಕ್ಕೆ. ಒಳ್ಳೆಯ ಬೇಳೆಯ ಮೇಲೂ ಕಪ್ಪು ಕಲೆ ಕಂಡ ಹಾಗಾಗಿ ಮೆಷಿನ್ ಊದಿ ತಳ್ಳುತ್ತಿತ್ತು. ಗೋದಾಮಿನ ಕರೆಂಟಿನದೇ ಗಲಾಟೆ ಎಂದುಕೊಂಡು, ಮತ್ತೆ ಓಡಿಸಿ ನೋಡದೆ ವಾಪಸ್ ತಂದು ಮೂಲೆಗಿಟ್ಟೆವು. ಸ್ಪಂದನಾ ಫೆಬ್ರವರಿ ಪೂರ್ತಿ ಕೂತು ಇನ್ನೊಂದು ಬೋರ್ಡ್ ಬರೆದಳು. ಜೋಡಿ ಗೆರೆಗಳನ್ನು ಇನ್ನೂ ಹತ್ತಿರ ತಂದಳು, ನಡುವೆ ನಾಲ್ಕೇ ಮಿಲ್. ಹತ್ತಿರ ಇದ್ದರೆ ಹೊರಗಿನ ಗಲಾಟೆ ಎರಡಕ್ಕೂ ಒಂದೇ ಥರ ತಟ್ಟಿ ಹೋಗುತ್ತದೆ ಎನ್ನುವುದು ಅವಳ ಲೆಕ್ಕ. ಶೆಡ್ಡಿನಲ್ಲಿ ಮತ್ತೆ ಚಿನ್ನದಂಥ ಚಿತ್ರ. ಬೆಳ್ಳಿಯಪ್ಪನವರ ಗೋದಾಮಿನಲ್ಲಿ ಮೊದಲಿಗಿಂತ ಕೆಟ್ಟದ್ದು.

ನಂಜಪ್ಪ ಕೂಗಾಡುವ ಜನವಲ್ಲ. ಅವರು ಮೆಲ್ಲಗೆ ಮಾತಾಡಿದರೆ ಹೆಚ್ಚು ಹೆದರಿಕೆ.

"ಎರಡು ಸಲ ಆಯ್ತು ಸ್ಪಂದನಾ. ಇನ್ನೊಂದು ಬರಿ. ಅದೂ ಹಿಂಗೇ ಆದ್ರೆ ಹೊರಗಿಂದ ರೆಡಿಮೇಡ್ ಕ್ಯಾಮೆರಾ ಬೋರ್ಡ್ ತರಿಸ್ತೀನಿ. ಆಮೇಲೆ ಇಲ್ಲಿ ಬೋರ್ಡ್ ಬರೆಯೋ ಕೆಲ್ಸನೇ ಇರಲ್ಲ."

ಅಂದರೆ ಸ್ಪಂದನಾ ಇರುವುದಿಲ್ಲ. ಮತ್ತೆ ಎಲ್ಲೋ ಕೂತು ಬೇರೆಯವರು ಹೇಳಿದ ಕಡೆ ಗೆರೆ ಎಳೆಯಬೇಕು. ಅವಳ ಮುಖ ಬಿಳಚಿಕೊಂಡಿತು. "ಆಯ್ತು ಸಾರ್" ಎಂದಳು. ಮರುದಿನ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ, "ಅಶ್ವಥಣ್ಣ, ಬೆಳ್ಳಿಯಪ್ಪನೋರ ಗೋದಾಮಿಗೆ ಹೋಗಾಣ ಬನ್ನಿ. ಶೆಡ್ಡಲ್ಲಿ ಇಲ್ದಿರೋದು ಅಲ್ಲೇನಿದೆ ಅಂತ ನೋಡ್ಬೇಕು" ಎಂದಳು.

ಗೋದಾಮಿನಲ್ಲಿ ಏನಿತ್ತು? ಮೂಟೆಗಳು, ಒಂದು ತಕ್ಕಡಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂರುವ ಮೇಜು. ಕರೆಂಟ್ ಅಳೆದಳು, ಸರಿಯಿತ್ತು. ಬಿಸಿ ಅಳೆದಳು, ಸರಿಯಿತ್ತು. ಕೊನೆಗೆ ಮುಚ್ಚಳ ಬಿಚ್ಚಿ, ಅಡಿಯುದ್ದದ ಬೋರ್ಡನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿನಿಂದ ಸವರಿದಳು.

"ಇದ್ಯಾಕೆ ಹಿಂಗೆ ಹೊಳೀತಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ವಾರ್ನಿಶ್ ಕಣಮ್ಮ. ನಾನೇ ಹಚ್ಚಿದ್ದು. ಮೂರು ಕೋಟು" ಎಂದೆ.

ಇದರಲ್ಲಿ ನನ್ನ ತಪ್ಪೇನು, ನೀವೇ ಹೇಳಿ. ನಮ್ಮ ಕಡೆ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು. ಮೋಟಾರು ಸುತ್ತಿದರೆ ವಾರ್ನಿಶ್, ಸ್ಟಾರ್ಟರ್ ಬಿಚ್ಚಿದರೆ ವಾರ್ನಿಶ್. ನನ್ನ ಕೈ ಮುಟ್ಟಿದ ಯಾವ ವಸ್ತುವೂ ವಾರ್ನಿಶ್ ಇಲ್ಲದೆ ಶೆಡ್ ದಾಟಿದ್ದಿಲ್ಲ. ಹಚ್ಚು ಎಂದು ಯಾರೂ ಹೇಳಿರಲಿಲ್ಲ, ಹಚ್ಚಬೇಡ ಎಂದೂ ಹೇಳಿರಲಿಲ್ಲ. ಪರೀಕ್ಷೆಯೆಲ್ಲ ಮುಗಿದ ಮೇಲೆ, ಪ್ಯಾಕ್ ಮಾಡುವ ಮೊದಲು, ಮಕ್ಕಳಿಗೆ ಎಣ್ಣೆ ಹಚ್ಚಿದ ಹಾಗೆ ಪ್ರೀತಿಯಿಂದ ಹಚ್ಚಿದ್ದೆ.

ಅವಳು ಬ್ಯಾಗಿನಿಂದ ಬ್ರಷ್ ತೆಗೆದಳು, ರೈಟರ್ ಹತ್ತಿರ ಥಿನ್ನರ್ ತರಿಸಿದಳು. ಜೋಡಿ ಗೆರೆಗಳ ಮೇಲಿದ್ದ ವಾರ್ನಿಶನ್ನು ಒಂದು ಗಂಟೆ ಕೂತು ಉಜ್ಜಿ ತೆಗೆದಳು. ಬೋರ್ಡನ್ನು ಮತ್ತೆ ಕೂರಿಸಿ ಸ್ವಿಚ್ ಒತ್ತಿದಾಗ ಪರದೆಯ ಮೇಲೆ ಚಿತ್ರ ಶುದ್ಧವಾಗಿ ಬಂತು. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ.

ನನಗೆ ನಾಚಿಕೆಯಾಗಬೇಕಿತ್ತು. ಬಂದದ್ದು ಸಿಟ್ಟು. "ಓಹೋ, ಎಲ್ಲಾ ನನ್ನ ತಪ್ಪು ಅನ್ನು! ಜೂನ್ ಬರ್ಲಿ. ನಿನ್ನ ಬೆತ್ಲೆ ಬೋರ್ಡಿಗೆ ಹಸಿರು ಕಟ್ಟಿ ಬೂಷ್ಟು ಹಿಡೀತದೆ. ಆಗ ಅಶ್ವಥಣ್ಣ ಅಂತ ಬರ್ಬೇಡ!" ಎಂದು ಗೋದಾಮು ಅದುರುವ ಹಾಗೆ ಕೂಗಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ. ಅವಳೇ ಎದ್ದು ಬಂದು ಪಕ್ಕದಲ್ಲಿ ಕೂತು ಕೇಳಿದಳು:

"ನಿಜವಾಗ್ಲೂ ಬೂಷ್ಟು ಹಿಡಿಯುತ್ತಾ ಅಶ್ವಥಣ್ಣ? ಎಷ್ಟು ದಿನಕ್ಕೆ?"

ಜಗಳಕ್ಕೆ ಕೇಳಿದ್ದಲ್ಲ. ಅವಳಿಗೆ ಗೊತ್ತಾಗಬೇಕಿತ್ತು. ಶೆಡ್ಡಿನ ಹಿಂದೆ ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ಒದ್ದೆ ಗೋಣಿಚೀಲ ತುಂಬಿ, ಮೇಲೆ ಎರಡು ಬೋರ್ಡು ನೇತುಹಾಕಿ ಮುಚ್ಚಿದೆವು. ಒಂದಕ್ಕೆ ವಾರ್ನಿಶ್, ಇನ್ನೊಂದಕ್ಕೆ ಇಲ್ಲ. ಇಪ್ಪತ್ತು ದಿನ ಬಿಟ್ಟು ತೆಗೆದರೆ ಬರಿಯ ಬೋರ್ಡಿನ ಪಿನ್ನುಗಳೆಲ್ಲ ಹಸಿರು, ಮೂಲೆಯಲ್ಲಿ ಬಿಳಿ ಬೂಷ್ಟು. ನನ್ನದು ಅಂಗಡಿಯಿಂದ ತಂದ ಹಾಗಿತ್ತು. ನಾನು ಎದೆ ಉಬ್ಬಿಸಿ ನಿಂತೆ. "ನೀವು ಹೇಳಿದ್ದು ಸರಿ" ಎಂದಳು, ಒಂದು ಚೂರೂ ಮುಖ ಸಣ್ಣ ಮಾಡದೆ.

"ಮತ್ತೆ ನನ್ನ ವಾರ್ನಿಶ್ ಏನು ಮಾಡ್ತು ನಿನ್ನ ಗೆರೆಗೆ? ತಾಮ್ರ ಒಳಗಿದೆ, ವಾರ್ನಿಶ್ ಮೇಲಿದೆ. ಒಂದಕ್ಕೊಂದು ಏನು ಸಂಬಂಧ?" ಎಂದು ಕೇಳಿದೆ.

"ನಿಧಾನಕ್ಕೆ ಹೋಗೋ ಕರೆಂಟಾದ್ರೆ ಸಂಬಂಧ ಇಲ್ಲ. ಇದು ಸೆಕೆಂಡಿಗೆ ನೂರು ಕೋಟಿ ಸಲ ಬದಲಾಗೋ ಸಿಗ್ನಲ್. ಅದು ತಾಮ್ರದೊಳಗೆ ಮಾತ್ರ ಹೋಗಲ್ಲ ಅಶ್ವಥಣ್ಣ. ಎರಡು ಗೆರೆ ನಡುವೆ, ಕೆಳಗಿರೋ ತಾಮ್ರದ ಹಾಳೆಗೂ ಗೆರೆಗೂ ನಡುವೆ, ಆ ಜಾಗದಲ್ಲೇ ಹೋಗೋದು. ನನ್ನ ಗೆರೆ ಬೋರ್ಡಿನ ಮೇಲ್ಗಡೆ ಇತ್ತು. ಅದರ ಮೇಲೆ ಗಾಳಿ ಇದೆ ಅಂತ ಲೆಕ್ಕ ಹಾಕಿದ್ದೆ. ನೀವು ಗಾಳಿ ಜಾಗಕ್ಕೆ ವಾರ್ನಿಶ್ ತುಂಬಿದ್ರಿ. ಸ್ಪ್ರಿಂಕ್ಲರ್ ಲೈನಲ್ಲಿ ಮೂರಿಂಚಿನ ಪೈಪಿಗೆ ಮಧ್ಯ ಬೇರೆ ಸೈಜಿನ ಪೈಪ್ ಸೇರಿಸಿದ್ರೆ ನೀರು ಹಿಂದಕ್ಕೆ ಒದೆಯುತ್ತಲ್ಲ, ಹಂಗೆ ಸಿಗ್ನಲ್ ಹಿಂದಕ್ಕೆ ಒದ್ದಿತು. ಎರಡನೇ ಸಲ ಗೆರೆ ಇನ್ನೂ ಹತ್ರ ತಂದೆ. ನಡುವಿನ ಸಂದಿಲಿ ವಾರ್ನಿಶ್ ಇನ್ನೂ ಗಟ್ಟಿಯಾಗಿ ಕೂತು ಇನ್ನೂ ಕೆಡಿಸ್ತು."

ಪೈಪು ಎಂದ ಕೂಡಲೇ ನನಗೆ ತಲೆಗೆ ಹೋಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಓಡಿಸಿದ ವರ್ಷಗಳಲ್ಲಿ ಎಷ್ಟು ಪೈಪು ಒಡೆದದ್ದು ನೋಡಿಲ್ಲ ನಾನು!

"ಹಂಗಾದ್ರೆ ವಾರ್ನಿಶ್ ಇದೆ ಅಂತನೇ ಲೆಕ್ಕ ಹಾಕಿಬಿಡು" ಎಂದೆ.

ಅವಳು ಅದನ್ನೂ ಯೋಚಿಸಿದ್ದಳು. ನನ್ನ ಕೈಗೆ ಹತ್ತು ಹಲಗೆ ಚೂರು ಕೊಟ್ಟು, ಯಾವಾಗಲೂ ಹಚ್ಚುವ ಹಾಗೇ ಹಚ್ಚಿ ಎಂದಳು. ಒಣಗಿದ ಮೇಲೆ ಅಳೆದಳು. ಹತ್ತರಲ್ಲಿ ಒಂದರ ದಪ್ಪ ಇನ್ನೊಂದಕ್ಕಿಲ್ಲ. ಒಂದೇ ಚೂರಿನಲ್ಲೂ ಎಡಕ್ಕೆ ದಪ್ಪ, ಬಲಕ್ಕೆ ತೆಳು. ಮೂವತ್ತೆರಡು ವರ್ಷದ ಕೈ ಎಂದು ಮೆರೆಯುತ್ತಿದ್ದವನ ಮುಖಕ್ಕೆ ಮಂಗಳಾರತಿಯಾಯಿತು. "ಕೈ ಅಂದ್ರೆ ಕೈಯೇ ಅಣ್ಣ, ಯಾರ್ದಾದ್ರೂ ಇಷ್ಟೇ. ನಿಮ್ಮ ಕೈ ಮೇಲೆ ಲೆಕ್ಕ ನಿಲ್ಲಲ್ಲ. ಗೆರೆನೇ ನಿಮ್ಮ ಕೈಗೆ ಸಿಗದ ಕಡೆ ಇಡ್ಬೇಕು" ಎಂದಳು.

ಬೋರ್ಡು ಅಂದರೆ ಪದರ ಪದರವಾಗಿ ಒತ್ತಿ ಮಾಡಿದ್ದು. ಗೆರೆಯನ್ನು ಒಳಗಿನ ಪದರಕ್ಕೆ ಇಳಿಸಿ, ಮೇಲೊಂದು ಕೆಳಗೊಂದು ತಾಮ್ರದ ಹಾಳೆ ಮುಚ್ಚಿದರೆ ಅದಕ್ಕೆ ಗಾಳಿಯೂ ಇಲ್ಲ, ವಾರ್ನಿಶೂ ಇಲ್ಲ, ಮಳೆಯೂ ಇಲ್ಲ. ಕೇಳುವುದಕ್ಕೆ ಸುಲಭ. ಆದರೆ ನಾಲ್ಕು ಪದರದ ಬೋರ್ಡ್ ಆರು ಪದರವಾಗಬೇಕು. ಒಳಗೆ ಹೋದ ಗೆರೆ ಸಪೂರವಾಗಬೇಕು. ಸಪೂರವಾದರೆ ಅಡಿಯುದ್ದ ಓಡುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಮೈಸೂರಿನ ಬೋರ್ಡ್ ಕಾರ್ಖಾನೆಯವರು ಫೋನಿನಲ್ಲಿ, "ನಮ್ಮ ಮಾಮೂಲಿ ಪದರಕ್ಕೆ ನಾಲ್ಕು ಮಿಲ್ ಗೆರೆ ಸರಿಹೋಗುತ್ತೆ ಮೇಡಂ, ಅದನ್ನೇ ಹಾಕಿ" ಎಂದರು. ಇವಳು ಒಪ್ಪಲಿಲ್ಲ. ನಾಲ್ಕರಲ್ಲಿ ಅರ್ಧ ಮಿಲ್ ಹೆಚ್ಚುಕಮ್ಮಿಯಾದರೆ ದೊಡ್ಡ ತಪ್ಪು, ಐದರಲ್ಲಿ ಅಷ್ಟು ದೊಡ್ಡದಲ್ಲ ಎಂದಳು. ಗೆರೆ ಐದೇ ಮಿಲ್ ಇರಲಿ, ಬೇಕಾದರೆ ಹಾಳೆಗಳ ನಡುವಿನ ಪದರ ದಪ್ಪ ಮಾಡಿ, ಜೋಡಿಯ ನಡುವೆ ಹತ್ತು ಮಿಲ್ ಬಿಡಿ ಎಂದಳು. ನಾಲ್ಕು ದಿನ ಫೋನಿನಲ್ಲಿ ಅದೇ ಮಾತು. ಐದನೇ ದಿನ ಅವರೇ ಸೋತು, ಆಗಲಿ ಎಂದರು. ನಾನು ಪಕ್ಕದಲ್ಲಿ ವಾಲ್ವು ಬಿಗಿಯುತ್ತ ಕೇಳಿಸಿಕೊಂಡೆ. ಗೆರೆ ನಿರ್ಧಾರ ಮಾಡುವುದು ಅಂದರೆ ಏನು ಎಂದು ನನಗೆ ಅವತ್ತು ಗೊತ್ತಾಯಿತು.

ಆರು ಪದರ, ಖರ್ಚು ಜಾಸ್ತಿ ಎಂದಾಗ ನಂಜಪ್ಪನವರು ಬಂದು ನಿಂತರು. "ಯಾಕೆ ಕೆಟ್ಟಿತ್ತು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್. ಗೆರೆ ಮೇಲ್ಗಡೆ ಎಳೆದಿದ್ದೆ. ತಪ್ಪು ನಂದು. ಒಳಗೆ ಇಳಿಸ್ತೀನಿ."

"ಇದು ಮೊದ್ಲೇ ಗೊತ್ತಾಗ್ಬೇಕಿತ್ತು" ಎಂದು ಹೋದರು.

ನಾನು ಮೂರು ಮಾರು ದೂರದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದರು, ಎತ್ತು ಸುಮ್ಮನೆ ನಿಂತು ನೋಡುತ್ತಿತ್ತು. ಊರಿಗೆಲ್ಲ ಬಯ್ಯುವ ಈ ನಾಲಿಗೆ ಅವತ್ತು ಬಿದ್ದುಹೋಗಿತ್ತೇ? ಐವತ್ತೆಂಟನೇ ವಯಸ್ಸಿಗೆ ಕೆಲಸ ಹೋದರೆ ಎಂಬ ಹೆದರಿಕೆ, ಅಷ್ಟೇ. ಅದರ ಮರುದಿನ ಅವಳು ಊಟದ ಡಬ್ಬಿ ತೆರೆದು, "ಅವ್ವ ನಿಮಗೂ ಕಳ್ಸಿದ್ದಾಳೆ" ಎಂದು ಅಕ್ಕಿರೊಟ್ಟಿ, ಎಳ್ಳು ಚಟ್ನಿ ಮುಂದಿಟ್ಟಳು. ಹಸಿವಿಲ್ಲ ಎಂದು ಡಬ್ಬಿಯನ್ನು ಅವಳ ಕಡೆಗೇ ಸರಿಸಿದೆ. ಆ ವಾರ ಚನ್ನಬಸಮ್ಮ ಫೋನ್ ಮಾಡಿ, "ನಮ್ಮುಡುಗಿ ಕೆಲ್ಸ ಉಳೀತದಾ ಅಣ್ಣ? ಕೇಳಿದ್ರೆ ಏನೂ ಹೇಳಾಕಿಲ್ಲ" ಎಂದಾಗ, "ಉಳೀತದೆ ತಾಯಿ" ಎಂದು ಫೋನ್ ಇಟ್ಟೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಬೋರ್ಡು ಜೂನ್ ಕೊನೆಗೆ ಬಂತು. ಸ್ಪಂದನಾ ಅದನ್ನು ನನ್ನ ಮುಂದಿಟ್ಟು, "ಹಚ್ಚಿ ಅಶ್ವಥಣ್ಣ. ಎಷ್ಟು ಕೆಟ್ಟದಾಗಿ ಹಚ್ಚಕ್ಕಾಗುತ್ತೋ ಅಷ್ಟು ಕೆಟ್ಟದಾಗಿ" ಎಂದಳು. ನಿಮಗೆ ನಗು ಬರಬಹುದು, ಆದರೆ ಕೆಲಸ ಗೊತ್ತಿದ್ದವನಿಗೆ ಬೇಕೆಂದು ಕೆಟ್ಟದಾಗಿ ಮಾಡುವುದು ಬಹಳ ಕಷ್ಟ. ಒಂದು ಕಡೆ ನಾಲ್ಕು ಕೋಟು, ಒಂದು ಕಡೆ ಅರ್ಧ, ನಡುವೆ ಸೋರಿದ ಹಾಗೆ. ಹಚ್ಚುವಷ್ಟರಲ್ಲಿ ಬೆವರಿ ಹೋದೆ.

ಜುಲೈ ಎರಡನೇ ವಾರ ಬೆಳ್ಳಿಯಪ್ಪನವರ ಗೋದಾಮಿಗೆ ಮೆಷಿನ್ ಇಳಿಸಿದೆವು. ಹೊರಗೆ ಮಳೆ, ಶೀಟಿನ ಮೇಲಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಗೋಡೆ ಬೆವರುತ್ತಿತ್ತು. ಬೆಳ್ಳಿಯಪ್ಪ ತಾವೇ ಒಳ್ಳೆಯ ಬೇಳೆಗೆ ಕಪ್ಪು ಬೇಳೆ ಬೆರೆಸಿ ಮೂಟೆ ಸುರಿದರು. ನಂಜಪ್ಪ ಕೈ ಕಟ್ಟಿ ನಿಂತರು. ಸ್ಪಂದನಾ ಪರದೆಯ ಮುಂದೆ ನಿಂತಳು, ಕೂರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸ್ವಿಚ್ ಒತ್ತಿದಳು.

ಚಿತ್ರ ಶುದ್ಧ. ಹತ್ತಕ್ಕೂ ಶುದ್ಧ. ಹನ್ನೆರಡಕ್ಕೆ ಒಮ್ಮೆ ಕರೆಂಟ್ ಹೋಗಿ ಜನರೇಟರ್ ಹಾಕಿದರು, ಆಗಲೂ ಶುದ್ಧ. ಅವಳು ಊಟಕ್ಕೂ ಕದಲಲಿಲ್ಲ. "ಕೂತ್ಕೊಳಮ್ಮ" ಎಂದರೆ ತಲೆ ಅಲ್ಲಾಡಿಸಿದಳು. ಸಂಜೆ ನಾಲ್ಕಕ್ಕೆ ಹದಿನಾಲ್ಕನೇ ಮೂಟೆ ಮುಗಿಯಿತು. ಬೆಳ್ಳಿಯಪ್ಪ ತಳ್ಳಿದ ಬೇಳೆಯ ಡಬ್ಬವನ್ನು ಮೊರಕ್ಕೆ ಸುರಿದು, ಕನ್ನಡಕ ಹಾಕಿಕೊಂಡು, ಬೆರಳಿನಿಂದ ಕೆದಕಿ ಕೆದಕಿ ನೋಡಿದರು.

"ಎಲ್ಲ ಕಪ್ಪೇ. ಒಳ್ಳೆದು ಎಂಟೋ ಹತ್ತೋ ಉಂಟು, ಅಷ್ಟೇ. ಈ ಮೆಷಿನ್ ಇನ್ನು ಇಲ್ಲಿಂದ ಹೋಗೋದಿಲ್ಲ ನಂಜಪ್ಪ."

ಸ್ಪಂದನಾ ಆಗ ಕೂತಳು, ಮೂಟೆಯ ಮೇಲೆ. ನಂಜಪ್ಪನವರ ಮುಖ ಅರಳಿತ್ತು. "ಮೂರನೇ ಸಲಕ್ಕಾದ್ರೂ ಬುದ್ಧಿ ಬಂತಲ್ಲ. ಮೊದಲೆರಡು ಹಾಳಾಗಿದ್ದು ಹಾಳಾಯ್ತು ಬಿಡು. ಮುಂದಿನ ಬೋರ್ಡಿಗೆ ಹೊರಗಿಂದ ಒಬ್ರು ಸೀನಿಯರ್‌ನ ತರಾಣ. ಅವ್ರು ಹೇಳ್ದಂಗೆ ನೀನು ಗೆರೆ ಎಳಿ. ಆಗ ತಪ್ಪಾಗಲ್ಲ" ಎಂದರು.

ಅವಳು ತಲೆ ತಗ್ಗಿಸಿದಳು. ಗೆದ್ದ ದಿನವೇ ಅವಳ ಕೈಯಿಂದ ಗೆರೆ ಕಿತ್ತುಕೊಂಡರಲ್ಲ!

"ಹಾಳು ಮಾಡಿದ್ದು ನಾನು!" ಎಂದೆ. ಮಳೆಯ ಸದ್ದಿನಲ್ಲಿ ಕೇಳಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಕೂಗಿದೆ. "ಮೊದಲೆರಡು ಬೋರ್ಡಿಗೆ ಯಾರ ಅಪ್ಪಣೆನೂ ಕೇಳ್ದೆ ಮೂರು ಮೂರು ಕೋಟು ವಾರ್ನಿಶ್ ಬಳಿದಿದ್ದು ನಾನು. ಅದಕ್ಕೇ ಚಿತ್ರ ಕೆಟ್ಟಿದ್ದು. ಕಳಿಸೋದಾದ್ರೆ ನನ್ನನ್ನ ಕಳ್ಸಿ. ಅವಳ ಗೆರೆ ಮುಟ್ಬೇಡಿ!"

ನಂಜಪ್ಪ ನನ್ನನ್ನು ನೋಡಿದರು, ಅವಳನ್ನು ನೋಡಿದರು. "ನಿಂಗೆ ಗೊತ್ತಿತ್ತಾ?"

"ಮಾರ್ಚಿಂದ ಗೊತ್ತು ಸಾರ್."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ವಾರ್ನಿಶ್ ನಿಲ್ಸಿ ಅಂತಿದ್ರಿ. ಅಶ್ವಥಣ್ಣ ನಿಲ್ಸೋರು. ಹಳೇ ಬೋರ್ಡೇ ಸರಿ ಅಂತ ನೀವು ಕಳಿಸ್ತಿದ್ರಿ. ಈ ಮಳೇಲಿ ಬೋರ್ಡುಗಳು ಒಂದೊಂದೇ ಸಾಯೋವು. ನಂಗೆ ಅವರ ವಾರ್ನಿಶ್ ಬೇಕಿತ್ತು ಸಾರ್. ಮತ್ತೆ ತಪ್ಪು ನಂದೂ ಹೌದು. ಬೋರ್ಡ್ ಎಂಥ ಊರಲ್ಲಿರುತ್ತೆ ಅಂತ ನೋಡ್ದೆ ಗೆರೆ ಎಳೆದಿದ್ದೆ. ನಾನೂ ಇದೇ ಕಡೆಯೋಳು, ಮಳೆ ಗೊತ್ತಿರ್ಬೇಕಿತ್ತು."

ಬೆಳ್ಳಿಯಪ್ಪ ಮತ್ತೆ ಮೊರದಲ್ಲಿ ಬೇಳೆ ಕೆದಕುತ್ತಿದ್ದರು. ನನಗೆ ಕಣ್ಣು ತುಂಬಿ ಬಂದು, ಒರೆಸಿಕೊಳ್ಳಲೂ ನಾಚಿಕೆಯಾಗಿ ಹಾಗೇ ನಿಂತೆ. ನಾಲ್ಕು ತಿಂಗಳು ಇಬ್ಬರ ತಪ್ಪನ್ನೂ ಒಬ್ಬಳೇ ಹೊತ್ತು, ಅದರ ಮೇಲೇ ನಿಂತು ಬೋರ್ಡ್ ಬರೆದಿದ್ದಳು ಈ ಹುಡುಗಿ.

"ಸೀನಿಯರ್ ಬೇಡ ಬಿಡು. ಮುಂದಿಂದೂ ನೀನೇ ನಿರ್ಧಾರ ಮಾಡು" ಎಂದರು ನಂಜಪ್ಪ.

"ಹಂಗಾದ್ರೆ ನಾಳೆಯಿಂದ ಶುರು ಮಾಡ್ತೀನಿ ಸಾರ್" ಎಂದು ಸ್ಪಂದನಾ ಮೂಟೆಯ ಮೇಲಿಂದ ಎದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಹಸಿವು ಅಣ್ಣ, ತಲೆ ತಿರುಗ್ತಿದೆ. ಏನಾದ್ರೂ ತಿನ್ನಕ್ಕೆ ಸಿಗುತ್ತಾ ನೋಡಿ" ಎಂದಳು.